ಇಬಸ್ ಟೇಬಲ್ ಪಕ್ಕದ ರೋಸ್: ಡಿಫ್-ಕ್ವಿಕ್ ಸ್ಲೈಡಲ್ಲಿ ಕೆಂಪುಕಣದೊಳಗೆ ಗುಳ್ಳೆ, ನ್ಯೂಕ್ಲಿಯಸ್ ಮಸುಕು

ಸ್ಲೈಡ್‌ಪೆಟ್ಟಿಗೆ:
ಇಬಸ್ (ಶ್ವಾಸನಾಳದೊಳಗಿಂದ ಅಲ್ಟ್ರಾಸೌಂಡಲ್ಲಿ ನೋಡುತ್ತಾ ಸೂಜಿ ಹಾಕೋದು) ನಡೆಯುವಾಗ ನಾನು ರೋಸ್ ಮಾಡ್ತೀನಿ, ಅಂದರೆ ಸೂಜಿ ತಂದ ಕೋಶ ಸಾಕೇ ಅಂತ ಟೇಬಲ್ ಪಕ್ಕದಲ್ಲೇ ನೋಡಿ ಹೇಳೋದು. ಸ್ಟೇಷನ್ 7ರ (ಶ್ವಾಸನಾಳ ಕವಲೊಡೆಯೋ ಜಾಗದ ಕೆಳಗಿನ) ದುಗ್ಧರಸ ಗ್ರಂಥಿ, 22 ಗೇಜ್ ಸೂಜಿ. ಪ್ರತಿ ಪಾಸಿಗೂ (ಸೂಜಿ ಒಮ್ಮೆ ಚುಚ್ಚಿ ತೆಗೆಯೋದು) ಒಂದು ಸ್ಲೈಡ್ ಗಾಳಿಗೆ ಒಣಗಿಸಿ ಡಿಫ್-ಕ್ವಿಕ್ (ಮೆಥನಾಲ್, ಕೆಂಪು, ನೀಲಿ ಅಂತ ಮೂರು ಜಾರಿನ ತ್ವರಿತ ಬಣ್ಣ), ಇನ್ನೊಂದು ತಕ್ಷಣ 95% ಆಲ್ಕೋಹಾಲ್‌ಗೆ, ಆಮೇಲೆ ಪ್ಯಾಪ್ ಬಣ್ಣ ಮಾಡೋಕೆ. ಬೆಳಗಿನ ಮೊದಲ ಕೇಸ್ ಚೆನ್ನಾಗೇ ಬರುತ್ತೆ. ಮೂರನೇ ಕೇಸ್ ಹೊತ್ತಿಗೆ ಕೆಂಪು ರಕ್ತಕಣಗಳೊಳಗೆ ಹೊಳೆಯೋ ಗುಳ್ಳೆ, ಉಳಿದ ಕೋಶಗಳ ನ್ಯೂಕ್ಲಿಯಸ್ ಮಸುಕು. ಅದೇ ಪಾಸಿನ ಪ್ಯಾಪ್ ಮಾತ್ರ ಸ್ಪಷ್ಟ. ನೀಲಿ ಬಣ್ಣದಲ್ಲಿ ಇನ್ನಷ್ಟು ಅದ್ದಿದೆ, ಕಪ್ಪಾಯ್ತು ಅಷ್ಟೆ. ಸಾಲದ್ದಕ್ಕೆ ಅರ್ಧ ಸ್ಲೈಡ್ ಬರೀ ರಕ್ತ. ರೋಗಿ ಟೇಬಲ್ ಮೇಲಿರುವಾಗ ಎಷ್ಟು ಸಲ "ಇನ್ನೊಂದು ಪಾಸ್ ಕೊಡಿ" ಅನ್ನೋದು?

ಮೆಥನಾಲ್‌ಮುಚ್ಚಳ:
ಬಣ್ಣದ ತಂಟೆಗೆ ಹೋಗಬೇಡಿ, ಎಡವಟ್ಟು ಅದಕ್ಕೂ ಮೊದಲೇ ಆಗಿದೆ. ಪ್ಯಾಪ್ ಸರಿಯಿದೆ ಅಂದಮೇಲೆ ಸೂಜಿ ತಂದ ಕೋಶಗಳಲ್ಲಿ ದೋಷವಿಲ್ಲ. ಆ ಗುಳ್ಳೆ ನೀರಿನ ಗುರುತು. ಒಂದೋ ಸ್ಲೈಡ್ ಪೂರ್ತಿ ಒಣಗದೆ ಜಾರಿಗೆ ಇಳಿಯುತ್ತಿದೆ, ಇಲ್ಲವೇ ಮೊದಲ ಜಾರಿನ ಮೆಥನಾಲ್ ನೀರು ಕುಡಿದಿದೆ. ಜಾರಿನ ಮುಚ್ಚಳ ಹಾಕಿರ್ತೀರಾ?

ಸ್ಲೈಡ್‌ಪೆಟ್ಟಿಗೆ:
ಇಲ್ಲ ಸರ್, ಬೆಳಿಗ್ಗೆ ತೆಗೆದರೆ ಸಂಜೆ ಚೆಲ್ಲೋವರೆಗೂ ತೆರೆದೇ ಇರುತ್ತೆ.

ಮೆಥನಾಲ್‌ಮುಚ್ಚಳ:
ಅಲ್ಲೇ ಇದೆ ನೋಡಿ. ಮೆಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ, ಮಳೆಗಾಲದಲ್ಲಿ ಕೇಳೋದೇ ಬೇಡ. ಖಾತ್ರಿಗೆ ಹೀಗೆ ಮಾಡಿ: ಮಿಕ್ಕ ರಕ್ತದಲ್ಲಿ ಎರಡು ತೆಳು ಸ್ಮಿಯರ್ ಎಳೆದು ಪೂರ್ತಿ ಒಣಗಿಸಿ, ಒಂದನ್ನು ಹಳೇ ಜಾರಿಗೆ, ಇನ್ನೊಂದನ್ನು ಹೊಸ ಮೆಥನಾಲ್‌ಗೆ ಹಾಕಿ. ಹಳೇದರಲ್ಲಿ ಮಾತ್ರ ಗುಳ್ಳೆ ಬಂದರೆ ತಪ್ಪು ಮೆಥನಾಲಿನದು. ಎರಡೂ ಚೊಕ್ಕಟವಾಗಿದ್ದರೆ ಕೇಸಿನ ಹೊತ್ತಲ್ಲಿ ಅವಸರಕ್ಕೆ ಹಸಿ ಸ್ಲೈಡ್ ಅದ್ದುತ್ತಿದ್ದೀರಿ. ಪ್ರತಿ ಕೇಸಿಗೂ ಹೊಸ ಮೆಥನಾಲ್ ಸುರಿಯಿರಿ, ಜಾರು ಮುಚ್ಚಿಡಿ.

ಒಣಗಿಸೋಕೆ ತಣ್ಣನೆ ಗಾಳಿ ಮಾತ್ರ. ಬಿಸಿಗಾಳಿ ಕೋಶ ಕೆಡಿಸುತ್ತೆ, ಪಕ್ಕದಲ್ಲಿರೋ ಮೆಥನಾಲ್‌ಗೆ ಬೆಂಕಿಯ ಭಯ ಬೇರೆ. ಸ್ಲೈಡನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಅಂಚಲ್ಲಿ ಒದ್ದೆ ಹೊಳಪು ಕಾಣಬಾರದು. ಆಮೇಲೆ ಮೂರೂ ಜಾರಲ್ಲಿ ಐದೈದು ಸಲ, ಸಲಕ್ಕೊಂದು ಸೆಕೆಂಡ್ ಅದ್ದಿ. ನಡುವೆ ಅಂಚನ್ನು ಟಿಶ್ಯೂಗೆ ತಾಗಿಸಿ ಸೋರಿಸಿ.

ಸೂಜಿಮೊನೆ:
ರಕ್ತದ ವಿಷಯ. ಮೊದಲ ಪಾಸಲ್ಲೇ ರಕ್ತ ತುಂಬಿದರೆ ಮುಂದಿನದಕ್ಕೆ ಸಿರಿಂಜ್ ಎಳೆತ ಬೇಡ ಅಂತ ಡಾಕ್ಟರಿಗೆ ಹೇಳಿ. ಎಳೆತವಿಲ್ಲದೆ, ಸ್ಟೈಲೆಟ್ಟನ್ನು (ಸೂಜಿಯೊಳಗಿನ ತಂತಿ) ನಿಧಾನವಾಗಿ ಹಿಂದೆಳೆಯುತ್ತಾ ಸೂಜಿ ಆಡಿಸಿದರೂ ಕೋಶ ಸಿಗುತ್ತೆ. ಸ್ಲೈಡ್ ಮೇಲೆ ಹನಿ ಸಾಸಿವೆಕಾಳಿಗಿಂತ ತುಸು ದೊಡ್ಡದಿದ್ದರೆ ಸಾಕು. ಓರೆ ಮಾಡಿದರೆ ರಕ್ತ ಹರಿದು ಬಿಳಿ ಚೂರು ಹಿಂದೆ ಉಳಿಯುತ್ತೆ. ಇನ್ನೊಂದು ಸ್ಲೈಡಿನ ಅಂಚಲ್ಲಿ ಅದನ್ನೆತ್ತಿ, ಒತ್ತದೆ ಎಳೆಯಿರಿ. ಒತ್ತಿದರೆ ನ್ಯೂಕ್ಲಿಯಸ್ ಒಡೆದು ನೀಲಿ ದಾರ ಆಗುತ್ತೆ. ಸ್ಮಾಲ್ ಸೆಲ್ ಕ್ಯಾನ್ಸರೋ ಜಜ್ಜಿದ ಲಿಂಫೋಸೈಟೋ (ಗ್ರಂಥಿಯಲ್ಲಿ ಸಹಜವಾಗೇ ಇರೋ ಬಿಳಿ ರಕ್ತಕಣ) ಅಂತ ಹೇಳೋಕಾಗಲ್ಲ. ಹೆಪ್ಪುಗಟ್ಟಿದ್ದನ್ನು ಎಸೆಯಬೇಡಿ. 10% ಬಫರ್ಡ್ ಫಾರ್ಮಲಿನ್‌ಗೆ ಹಾಕಿದರೆ ಸೆಲ್ ಬ್ಲಾಕ್ (ಮೇಣದಲ್ಲಿ ಕೂರಿಸಿ ತೆಳುವಾಗಿ ಕತ್ತರಿಸೋ ಕೋಶದ ಗಟ್ಟಿ) ಆಗುತ್ತೆ. ಇಜಿಎಫ್‌ಆರ್, ಎಎಲ್‌ಕೆ ಅನ್ನೋ ಕ್ಯಾನ್ಸರ್ ಜೀನ್‌ಗಳ ಪರೀಕ್ಷೆಗೆ ಬೇಕಾಗೋದು ಅದೇ.

ಗಾಳಿನಾಳ:
ಒಂದು ಸೇರಿಸ್ತೀನಿ. ಬರೀ ಸಿಲಿಯಾ (ಕೂದಲಿನಂಥ ಎಳೆ) ಇರೋ ಉದ್ದ ಕೋಶ, ಮೃದ್ವಸ್ಥಿ ಚೂರು ಕಂಡರೆ ಸೂಜಿ ಶ್ವಾಸನಾಳದ ಗೋಡೆಯಲ್ಲೇ ಇತ್ತು ಅಂತ. ಲಿಂಫೋಸೈಟ್ ದಂಡಿಯಾಗಿದ್ದರೆ, ಅಥವಾ ಕಪ್ಪು ಇಂಗಾಲ ತುಂಬಿದ ಮ್ಯಾಕ್ರೋಫೇಜ್ (ಕಸ ನುಂಗೋ ಕೋಶ) ಗುಂಪುಗಳಿದ್ದರೆ ಗ್ರಂಥಿ ಸಿಕ್ಕಿದೆ. ಟೇಬಲ್ ಪಕ್ಕ "ಸಾಕು" ಅಥವಾ "ಸಾಲದು" ಅನ್ನಿ. "ಕ್ಯಾನ್ಸರ್ ಇಲ್ಲ" ಅಂತ ಮಾತ್ರ ಬಾಯಿಬಿಡಬೇಡಿ, ಪ್ಯಾಪ್ ಮತ್ತು ಸೆಲ್ ಬ್ಲಾಕ್ ಬರಲಿ.

ಸ್ಲೈಡ್‌ಪೆಟ್ಟಿಗೆ:
ನಿಮ್ಮ ಪರೀಕ್ಷೆ ಮಾಡಿದೆ ಸರ್, ಗುಳ್ಳೆ ಹಳೇ ಜಾರಲ್ಲಿ ಮಾತ್ರ. ಇನ್ನೊಂದು ಪ್ರಶ್ನೆ: ಟಿಬಿ ಅನುಮಾನ ಹುಟ್ಟಿಸೋ ಗ್ರಾನ್ಯುಲೋಮ (ಉರಿಯೂತದ ಕೋಶಗಳ ಗಂಟು), ನೆಕ್ರೋಸಿಸ್ (ಸತ್ತ ಅಂಗಾಂಶ) ಕಂಡರೂ ಮುಂದಿನ ಪಾಸ್ ಪೂರ್ತಿ ಫಾರ್ಮಲಿನ್‌ಗೇನಾ?

ಸೂಜಿಮೊನೆ:
ಬೇಡವೇ ಬೇಡ. ಫಾರ್ಮಲಿನ್ ತಾಗಿದರೆ ಟಿಬಿ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಕಥೆ ಮುಗೀತು. ಒಂದು ಪಾಸ್ ಸ್ಟೆರೈಲ್ ಸಲೈನ್‌ಗೆ ಹಾಕಿ ಸಿಬಿನ್ಯಾಟ್ (ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕೋ ಪರೀಕ್ಷೆ) ಮತ್ತು ಕಲ್ಚರ್‌ಗೆ ಕಳಿಸಿ. ಗಾಳಿಗೆ ಒಣಗಿದ ಸ್ಲೈಡಲ್ಲಿ ಬ್ಯಾಕ್ಟೀರಿಯಾ ಇನ್ನೂ ಜೀವಂತ ಇರಬಹುದು, ಹಾಗಾಗಿ ಗ್ಲೌಸ್, ಎನ್95 ತೆಗೆಯದೆ ಕೆಲಸ ಮಾಡಿ.