ಲಾಗ್ 2 ಅಂದ್ರೆ 0.3010 ಯಾಕೆ? ಯಾರಾದ್ರೂ ಬಿಡಿಸಿ ಹೇಳ್ತೀರಾ?

ಪ್ರಶ್ನೆ (ದ್ವಿತೀಯ ಪಿಯುಸಿ, ದಾವಣಗೆರೆ)

ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ ಓದಿದವಳು ನಾನು. ಕೆಮಿಸ್ಟ್ರಿಯಲ್ಲಿ ಪಿಎಚ್ (ದ್ರಾವಣ ಎಷ್ಟು ಆಮ್ಲೀಯ ಅನ್ನೋ ಅಳತೆ) ಲೆಕ್ಕ ಬಂದಾಗೆಲ್ಲ ಲಾಗ್ ಟೇಬಲ್ ನೋಡಿ ಉತ್ತರ ಬರೀತೀನಿ, ಆ ಸಂಖ್ಯೆ ಎಲ್ಲಿಂದ ಬಂತು ಅಂತ ಮಾತ್ರ ತಿಳೀತಿಲ್ಲ. ಗುಣಾಕಾರ ಇದ್ರೆ ಲಾಗ್‌ಗಳನ್ನ ಕೂಡಿಸು ಅಂತಾರೆ, ಸಂಕಲನ ಇದ್ರೆ ಬಿಡಿಸಬಾರದು ಅಂತಾರೆ. ಅದ್ಯಾಕೆ?

ಉತ್ತರ (ನಿವೃತ್ತ ಗಣಿತ ಉಪನ್ಯಾಸಕ, ಚಿತ್ರದುರ್ಗ)

ನೋಡಮ್ಮ, ಮೊದಲು ಟೇಬಲ್ ಮುಚ್ಚಿಡು. ಹೊಳಲ್ಕೆರೆ, ಹಿರಿಯೂರು ಕಡೆಯಿಂದ ನನ್ನ ತರಗತಿಗೆ ಬರುತ್ತಿದ್ದ ಜಾಣ ಮಕ್ಕಳೂ ಇಲ್ಲೇ ಎಡವುತ್ತಿದ್ದರು, ಟೇಬಲ್ಲೇ ಲಾಗ್ ಅಂದುಕೊಂಡು.

10ರ ಎಷ್ಟನೇ ಘಾತ ಈ ಸಂಖ್ಯೆ? ಲಾಗ್ ಕೇಳೋದು ಇಷ್ಟೇ. 1000ಕ್ಕೆ 3, 100ಕ್ಕೆ 2, 10ಕ್ಕೆ 1, 1ಕ್ಕೆ 0. 2 ಇರೋದು 1 ಮತ್ತು 10ರ ನಡುವೆ, ಹಾಗಾಗಿ ಅದರ ಲಾಗ್ 0 ಮತ್ತು 1ರ ನಡುವೆ ಇರಲೇಬೇಕು. ಹತ್ತು ಎರಡುಗಳನ್ನು ಗುಣಿಸುತ್ತಾ ಹೋಗು: 4, 8, 16... ಕೊನೆಗೆ 1024. 1000ಕ್ಕಿಂತ ಚೂರು ಜಾಸ್ತಿ. ಅಂದ್ರೆ 2ರ ಲಾಗಿನ ಹತ್ತರಷ್ಟು, 3ಕ್ಕಿಂತ ಚೂರು ಜಾಸ್ತಿ. ಹತ್ತರಿಂದ ಭಾಗಿಸು, 0.3, ಮೇಲೊಂದು ಚೂರು. 0.3010 ಅನ್ನೋದು ಅದೇ.

100 × 1000 ಮಾಡುವಾಗ ಘಾತಗಳು ಕೂಡುತ್ತವೆ, 2 + 3 = 5. ಗುಣಾಕಾರದ ನಿಯಮ ಇಲ್ಲಿಂದ ಬಂತು. ಸಂಕಲನಕ್ಕೆ ಅಂಥ ನಿಯಮವೇ ಇಲ್ಲ. 2 ಮತ್ತು 3ರ ಲಾಗ್ ಕೂಡಿಸಿ ನೋಡು: 0.3010 + 0.4771 = 0.7781. ಇದು 6ರ ಲಾಗ್, 5ರದ್ದಲ್ಲ (ಟೇಬಲ್‌ನಲ್ಲಿ 0.7782 ಕಂಡರೆ ಗಾಬರಿಯಾಗಬೇಡ, ಕೊನೆ ಅಂಕಿ ಅಂದಾಜಿನದು). 5 ಅಂದ್ರೆ 10 ಭಾಗಿಸು 2, ಆದ್ದರಿಂದ 1ರಲ್ಲಿ 0.3010 ಕಳೆದರೆ 0.6990.

ಉತ್ತರ (ದಾವಣಗೆರೆ)

ಸ್ಕಾಟ್ಲೆಂಡಿನ ಗಣಿತಜ್ಞ ನೇಪಿಯರ್ ಲಾಗ್ ಪ್ರಕಟಿಸಿದ್ದು 1614ರಲ್ಲಿ, 10ರ ಆಧಾರದ ಟೇಬಲ್ ಆಮೇಲೆ ಇಂಗ್ಲೆಂಡಿನ ಬ್ರಿಗ್ಸ್ ಮಾಡಿದ್ದು. ಆದರೆ 9ನೇ ಶತಮಾನದಲ್ಲೇ ಜೈನ ಮುನಿ ವೀರಸೇನಾಚಾರ್ಯರ ಧವಲಾ ಎಂಬ ಟೀಕೆಯಲ್ಲಿ (ವ್ಯಾಖ್ಯಾನ ಗ್ರಂಥದಲ್ಲಿ) 'ಅರ್ಧಚ್ಛೇದ' ಇದೆ. 32ನ್ನು ಅರ್ಧ ಮಾಡುತ್ತಾ ಹೋದರೆ ಐದನೇ ಸಲಕ್ಕೆ 1 ಬರುತ್ತೆ, ಹಾಗಾಗಿ 32ರ ಅರ್ಧಚ್ಛೇದ 5. ಇದು 2ರ ಆಧಾರದ ಲಾಗೇ. ಆ ಗ್ರಂಥ ಉಳಿದದ್ದು ನಮ್ಮ ಮೂಡಬಿದಿರೆಯ ಬಸದಿಯ ತಾಳೆಗರಿಗಳಲ್ಲಿ.

ಪ್ರಶ್ನೆ ಕೇಳಿದವಳು

ಸರ್, ಪಿಎಚ್ ಅಂದ್ರೆ ಹೈಡ್ರೋಜನ್ ಅಯಾನಿನ ಸಾಂದ್ರತೆಯ ಲಾಗ್‌ನ ಚಿಹ್ನೆ ಬದಲಿಸಿದ್ದು. ಹಾಗಾದ್ರೆ ಸಾಂದ್ರತೆ 0.001 (10ರ −3ನೇ ಘಾತ) ಇದ್ದಾಗ ಪಿಎಚ್ 3. 0.002 ಆದ್ರೆ 3 − 0.3010 = 2.699. ಸಾಂದ್ರತೆ ಎರಡು ಪಟ್ಟಾದರೂ ಪಿಎಚ್ ಇಳಿಯೋದು 0.3 ಮಾತ್ರ, ಸರಿನಾ?

ಉಪನ್ಯಾಸಕರು

ಸರಿಯಮ್ಮ. ಹತ್ತು ಪಟ್ಟಾದರೆ ಪೂರ್ತಿ 1 ಇಳಿಯುತ್ತೆ. ಈಗ ಟೇಬಲ್ ಇಲ್ಲದೆ 7ರ ಲಾಗ್ ತೆಗಿ. ಏಳೇಳ್ಲಿ ನಲವತ್ತೊಂಬತ್ತು, 50ರ ಪಕ್ಕದಲ್ಲೇ ಇದೆ.