ಮಸುಕು ಫೋಟೋ ಸ್ಪಷ್ಟ ಮಾಡೋ ಎಐ ಶಾರ್ಪನಿಂಗ್ ಸಾಫ್ಟ್‌ವೇರ್ ತಗೊಳ್ಳೋದಾ, ಇರೋ ಲೈಟ್‌ರೂಂ ಎಡಿಟಿಂಗ್ ಸಾಫ್ಟ್‌ವೇರಲ್ಲೇ ಸರಿ ಮಾಡ್ಕೊಳ್ಳೋದಾ? ಅನುಭವ ಇರೋರು ಹೇಳಿ

ಪಿಕಳಾರ_ಪ್ರೇಮಿ:
ಎಲ್ರಿಗೂ ನಮಸ್ಕಾರ. ಹೋದ ತಿಂಗಳು ಗಣೇಶಗುಡಿಗೆ ಹೋಗಿ ಎರಡು ದಿನ ಹೈಡಲ್ಲಿ (ಹಕ್ಕಿಗೆ ಕಾಣದಂಗೆ ಕೂರೋ ಮರೆ) ಕೂತಿದ್ದೆ. ನಿಕಾನ್ ಡಿ500 ಕ್ಯಾಮೆರಾ, ಸಿಗ್ಮಾ 150-600 ಲೆನ್ಸ್. ಮೋಡ, ಮೇಲೆ ಮರದ ನೆರಳು, ಎಫ್ 6.3ರಲ್ಲಿ ಐಎಸ್‌ಒ 6400ಗೆ ಏರಿಸಿದ್ರೂ ಶಟರ್ 1/160 ದಾಟ್ಲಿಲ್ಲ. ಪಿಕಳಾರ, ಶಾಮ ಹಕ್ಕಿ ಎಲ್ಲಾ ಸಿಕ್ಕಿದೆ ಆದ್ರೆ ಕಣ್ಣು ಮೆತ್ತಗಿದೆ. ಲೈಟ್‌ರೂಂ ಇದೆ, ಲ್ಯಾಪ್‌ಟಾಪಲ್ಲಿ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 4 ಜಿಬಿ. 15 ಸಾವಿರದವರೆಗೂ ಹಾಕ್ಬೋದು. ಬರೀ ಶಾರ್ಪನಿಂಗ್‌ಗೆ ಅಂತಾನೇ ಇರೋ ಎಐ ಟೂಲ್ ತಗೊಂಡ್ರೆ ವರ್ಕ್ ಆಗುತ್ತಾ?

ಹಾಲಕ್ಕಿ_ಹಾಸನ:
ನಂದು ಕೇಳಿ ಆಮೇಲೆ ದುಡ್ಡು ಬಿಚ್ಚಿ. ಎರಡು ವರ್ಷದ ಹಿಂದೆ ನಮ್ಮೂರ ಹಳೇ ಗೋಡೆ ಮೇಲೆ ಹಾಲಕ್ಕಿ (ಸಣ್ಣ ಗೂಬೆ) ಕೂತಿತ್ತು, ಸಂಜೆ ಆರೂವರೆ, ಐಎಸ್‌ಒ 5000. ಪೋಸ್ ಅಂದ್ರೆ ಪೋಸು, ಜನ್ಮಕ್ಕೊಂದ್ಸಲ ಸಿಗೋದು, ಆದ್ರೆ ಮುಖ ಸ್ವಲ್ಪ ಸಾಫ್ಟು. ಹೆಸರು ಬೇಡ, ಒಂದು ಎಐ ಸಾಫ್ಟ್‌ವೇರ್ ಡಾಲರಲ್ಲಿ ತಗೊಂಡೆ, ಕಾರ್ಡ್‌ನವ್ರ ಫಾರೆಕ್ಸ್ ಮಾರ್ಕಪ್ ಶೇ. 3.5, ಅದರ ಮೇಲೆ ಜಿಎಸ್‌ಟಿ, ನಾನು ಲೆಕ್ಕ ಹಾಕಿದ್ದಕ್ಕಿಂತ 700 ರೂಪಾಯಿ ಚಿಲ್ರೆ ಜಾಸ್ತಿ ಹೋಯ್ತು. ರಿಸಲ್ಟ್ ನೋಡಿ ಕುಣಿದಾಡ್ಬಿಟ್ಟೆ, ಗ್ರೂಪಲ್ಲೆಲ್ಲ ಹಾಕ್ದೆ, ಮೆಚ್ಚುಗೆನೋ ಮೆಚ್ಚುಗೆ. ಒಂದು ಸಲೋನ್‌ಗೆ (ಫೋಟೋ ಸ್ಪರ್ಧೆ) ಎಂಟ್ರಿ ಫೀ ಕಟ್ಟಿ ನೇಚರ್ ವಿಭಾಗಕ್ಕೆ ಕಳಿಸ್ದೆ. ಮುಂದಿನ ಸುತ್ತಿಗೆ ಹೋಯ್ತು, ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಕೇಳಿದ್ರು, ಕೊಟ್ಟೆ, ರಿಜೆಕ್ಟ್. ನನಗೆ ಸಿಟ್ಟು ಬಂತು, ಆದ್ರೆ ರಾತ್ರಿ ಕೂತು ರಾ ಒಂದ್ಕಡೆ ಜೆಪೆಗ್ ಒಂದ್ಕಡೆ ಇಟ್ಟು 200 ಪರ್ಸೆಂಟಲ್ಲಿ ನೋಡ್ದೆ. ಹಾಲಕ್ಕಿ ನೆತ್ತಿ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ ಇರುತ್ತಲ್ಲ, ಅವನ್ನ ಒಂದಕ್ಕೊಂದು ಜೋಡಿಸಿ ಬಾಚಣಿಗೆಯಲ್ಲಿ ಬಾಚಿದಂಗೆ ಗೆರೆ ಮಾಡ್ಬಿಟ್ಟಿದೆ! ಆ ಗೆರೆ ಆ ಹಕ್ಕಿ ಮೇಲೆ ಇಲ್ವೇ ಇಲ್ಲ. ಗೋಡೆ ಪಾಚಿಗೂ ಪುಕ್ಕದ ಥರ ಟೆಕ್ಸ್ಚರ್ ಬಂದಿದೆ. ಫಿಯಾಪ್ (ಅಂತರರಾಷ್ಟ್ರೀಯ ಫೋಟೋಗ್ರಫಿ ಒಕ್ಕೂಟ) ನೇಚರ್ ಡೆಫಿನಿಷನಲ್ಲಿ ಏನೂ ಸೇರಿಸಂಗಿಲ್ಲ ತೆಗೆಯಂಗಿಲ್ಲ ಅಂತ ಇದೆ, ನಾನು ಸೇರಿಸಿದ್ದು ನನಗೇ ಗೊತ್ತಾಗಿರ್ಲಿಲ್ಲ. ಇವತ್ತಿಗೂ ಆ ಫೋಟೋ ನೋಡೋಕಾಗಲ್ಲ.

ಮುಹೂರ್ತ_ಸ್ಟುಡಿಯೋ:
ಸಲೋನು ಮೆಡಲ್ಲು ಬಿಡಿ ಸರ್, ನಾವು ಇದರಲ್ಲಿ ಅನ್ನ ತಿನ್ನೋರು. ಮಂಡ್ಯ ಹತ್ರ ಮದುವೆ, ಮಾಂಗಲ್ಯ ಧಾರಣೆ ಟೈಮಿಗೆ ಸರಿಯಾಗಿ ಲೈಟ್ ಹುಡುಗನ ವೈರ್ ಯಾರೋ ಎಡವಿ ಕಿತ್ಕೊಂಡ್ರು, ಕ್ಯಾಮೆರಾ 1/60ಗೆ ಬಿತ್ತು. ತಾಳಿ ಕಟ್ಟೋ ಕೈ, ಹುಡುಗಿ ಮುಖ, ಅಕ್ಷತೆ ಎಲ್ಲಾ ಎಳೆದ್ಬಿಟ್ಟಿದೆ. ಅದನ್ನ ಮತ್ತೆ ತೆಗೆಯೋಕಾಗುತ್ತಾ? ಇನ್ನೊಂದ್ಸಲ ತಾಳಿ ಕಟ್ಟಿ ಅನ್ನೋಕಾಗುತ್ತಾ? 45 ಸಾವಿರ ಬ್ಯಾಲೆನ್ಸ್ ಬಾಕಿ ಬೇರೆ. ಫೋಟೋಶಾಪಲ್ಲಿ ಸ್ಮಾರ್ಟ್ ಶಾರ್ಪನ್, ಹೈ ಪಾಸ್ ಅನ್ನೋ ಫಿಲ್ಟರ್ ಎರಡೂ ಹಾಕಿ ನೋಡ್ದೆ, ಅಂಚಲ್ಲಿ ಬಿಳಿ ಗೆರೆ ಬಂತೇ ಹೊರತು ಮುಖ ಬರ್ಲಿಲ್ಲ. 2013ರಲ್ಲಿ ಅದೇನೋ ಶೇಕ್ ರಿಡಕ್ಷನ್ ಅಂತ ಕೊಟ್ಟಿದ್ರು, ಅದನ್ನೂ ಆಮೇಲೆ ತೆಗೆದ್ಹಾಕಿದ್ರು. ಕೊನೆಗೆ ಎಐ ಟೂಲಲ್ಲಿ ಮೋಷನ್ ಬ್ಲರ್ ಮಾಡೆಲ್ ಹಾಕಿದ್ದಕ್ಕೆ ಉಳೀತು. 12x36 ಆಲ್ಬಮ್ ಶೀಟಲ್ಲಿ ಪೂರ್ತಿ ಸ್ಪ್ರೆಡ್ ಮಾಡಿ ಕೊಟ್ಟೆ, ಹುಡುಗಿ ತಾಯಿ ಅತ್ತೇಬಿಟ್ರು.

ಖರ್ಚು ಕೇಳ್ತೀರಾ, ಹೇಳ್ತೀನಿ. ಹಳೇ ಗ್ರಾಫಿಕ್ಸ್ ಕಾರ್ಡಲ್ಲಿ ಒಂದು ಫೋಟೋಗೆ ನಾಲ್ಕು ನಿಮಿಷ, ಮದುವೆಗೆ 3000 ಫೋಟೋ. ಆರ್‌ಟಿಎಕ್ಸ್ 3060 ತಂದೆ, 26 ಸಾವಿರ. ಅದು ಹಾಕಿದ್ಮೇಲೆ ಕಂಪ್ಯೂಟರ್ ಆನ್ ಆಗಿ ಆಫ್ ಆಗೋದು, ಎಸ್‌ಎಂಪಿಎಸ್ (ಪವರ್ ಸಪ್ಲೈ) 450 ವ್ಯಾಟ್ ಇತ್ತು, ಈ ಕಾರ್ಡಿಗೆ 550 ಬೇಕಂತೆ, ಅಂಗಡಿಯವ್ನು ಮೊದ್ಲೇ ಹೇಳ್ಬಾರ್ದಾ, 4200 ಅದಕ್ಕೆ. ಕ್ಯಾಬಿನೆಟಲ್ಲಿ ಕಾರ್ಡ್ ಕೂರ್ಲಿಲ್ಲ, ಹಾರ್ಡ್‌ಡಿಸ್ಕ್ ಕೇಜ್ ಕತ್ತರಿಸಿದ್ವಿ. ಬೇಸಿಗೇಲಿ ರೂಮು ಕಾದು ಮೂರನೇ ಫ್ಯಾನು. ಎಲ್ಲಾ ಸೇರಿ 34 ಸಾವಿರ ದಾಟ್ತು. ಒಂದು ರೂಪಾಯಿಗೂ ಬೇಜಾರಿಲ್ಲ.

ಮಾಳಮಡ್ಡಿ_ಮಾಸ್ತರ:
34 ಸಾವಿರದಾಗ ಒಂದು ಛಲೋ ಫ್ಲ್ಯಾಶ್ ಮತ್ತ ಎರಡು ಬ್ಯಾಟರಿ ಲೈಟ್ ಬರ್ತಿದ್ವಲ್ರೀ, ವೈರಿನ ತಂಟೇನ ಇರ್ತಿದ್ದಿಲ್ಲ.

ನಾ ಹನ್ನೆರಡು ವರ್ಷದಿಂದ ಫೋಟೋ ತಗೀಲಿಕ್ಹತ್ತೇನಿ, ಸಾಫ್ಟ್‌ವೇರಿಗೆ ಒಂದು ಪೈಸಾ ಕೊಟ್ಟಿಲ್ಲ. ರಾ ಥೆರಪಿ, ಗಿಂಪ್, ಡಾರ್ಕ್‌ಟೇಬಲ್, ಪುಕ್ಕಟೆ ಸಿಗೂ ಈ ಎಡಿಟಿಂಗ್ ಸಾಫ್ಟ್‌ವೇರ್ ಅಷ್ಟ. ರಾ ಥೆರಪಿಯೊಳಗ 2020ರಾಗ ಬಂದ 5.8ರಿಂದ ಕ್ಯಾಪ್ಚರ್ ಶಾರ್ಪನಿಂಗ್ ಅಂತ ಅದ, ಟಿಕ್ ಮಾಡಿದ್ರ ಸಾಕು, ರೇಡಿಯಸ್ (ಎಷ್ಟು ಅಗಲಕ್ಕ ಚುರುಕು ಮಾಡಬೇಕು ಅನ್ನೂದು) ಅದಾ ಲೆಕ್ಕಾ ಹಾಕ್ತದ. ಅದರ ಹಿಂದಿರೂದು ರಿಚರ್ಡ್‌ಸನ್-ಲೂಸಿ ಅನ್ನೂ ಲೆಕ್ಕ, ರಿಚರ್ಡ್‌ಸನ್ 1972, ಲೂಸಿ 1974. ಹಬಲ್ ದೂರದರ್ಶಕ 1990ರಾಗ ಮ್ಯಾಲ ಹೋದಾಗ ಕನ್ನಡಿ ತಪ್ಪಾಗಿ ಉಜ್ಜಿದ್ರು, 1993ರಾಗ ಹೋಗಿ ರಿಪೇರಿ ಮಾಡೂತನಕ ವಿಜ್ಞಾನಿಗಳು ಮಸುಕಾದ ಚಿತ್ರ ಇಂಥಾ ಲೆಕ್ಕದಿಂದನ ಸುಧಾರಿಸ್ಕೊಂಡ್ರು. ಬೆಳಕು ಹ್ಯಾಂಗ ಹರಡೇದ ಅಂತ ಗೊತ್ತಿದ್ರ ಅದನ್ನ ವಾಪಸ್ ಒಟ್ಟು ಮಾಡೂದು, ಅಷ್ಟ. ನಿಮ್ಮ ಎಐ ಮಾಡೂದು ಅದಲ್ಲ. ಅದು ಸಾವಿರಾರು ಹಕ್ಕಿ ಫೋಟೋ ಕಲ್ತದ, ಇಲ್ಲಿ ಪುಕ್ಕ ಇರಬೇಕು ಅಂತ ಅನಿಸಿದಲ್ಲೆ ಪುಕ್ಕ ಬರೀತದ. ಹಾಸನದವರಿಗೆ ಆದದ್ದು ಅದ.

ಮುಹೂರ್ತ_ಸ್ಟುಡಿಯೋ:
ಮಾಸ್ತರೇ, ಫ್ಲ್ಯಾಶ್ ಪಾಠ ನನಗೆ ಬೇಡ, ನಾನು ರೀಲ್ ಕಾಲದಿಂದ ಮದುವೆ ಮಾಡ್ತಿರೋನು. ನೀವು ಭಾನುವಾರ ಒಂದು ಹಕ್ಕಿ ಫೋಟೋ ತೆಗೆದು ಸೋಮವಾರದಿಂದ ಶನಿವಾರದವರೆಗೂ ಸ್ಲೈಡರ್ ಎಳೆಯೋರು. ನನಗೆ ಹದಿನೈದು ದಿನದಲ್ಲಿ ಆಲ್ಬಮ್ ಕೊಡ್ಬೇಕು.

ಸೈಲೆಂಟ್‌ಶಟರ್:
ಎಐ ಶಾರ್ಪನಿಂಗ್ ಸಾಫ್ಟ್‌ವೇರ್ ಮಾಡೋ ಟೋಪಾಜ್ ಕಂಪನಿ 2025ರಲ್ಲಿ ಒಂದೇ ಸಲ ದುಡ್ಡು ಕೊಟ್ಟು ತಗೊಳ್ಳೋ ಲೈಸೆನ್ಸ್ ನಿಲ್ಲಿಸಿ ಸಬ್‌ಸ್ಕ್ರಿಪ್ಷನ್‌ಗೆ ಹೋಯ್ತು, ಹಳೇ ವಿಡಿಯೋ ನೋಡ್ಕೊಂಡು ಲೆಕ್ಕ ಹಾಕ್ಬೇಡಿ. ಲೈಟ್‌ರೂಮಲ್ಲಿ 2023ರ ಏಪ್ರಿಲ್‌ನಿಂದ ಎಐ ಡಿನಾಯ್ಸ್ ಇದೆ. ಹೆಚ್ಚು ಐಎಸ್‌ಒ ಫೋಟೋ ಮೆತ್ತಗೆ ಕಾಣೋದಕ್ಕೆ ಅರ್ಧ ಕಾರಣ ನಾಯ್ಸು (ಮರಳು ಉದುರಿಸಿದಂಥ ಚುಕ್ಕೆ), ಮೊದ್ಲು ಅದು ಹೋಗ್ಲಿ. ಆಮೇಲೆ ಆಲ್ಟ್ ಒತ್ಕೊಂಡು ಶಾರ್ಪನಿಂಗ್‌ನ ಮಾಸ್ಕಿಂಗ್ ಸ್ಲೈಡರ್ ಎಳೀರಿ, ಕಪ್ಪಾಗಿರೋ ಕಡೆ ಶಾರ್ಪನಿಂಗ್ ತಗಲಲ್ಲ. ನಾನು 1650ರಲ್ಲೇ ಮಾಡ್ತಿರೋದು, ಒಂದೊಂದಕ್ಕೆ ಆರೇಳು ನಿಮಿಷ, ರಾತ್ರಿ ಹಾಕಿ ಮಲಗ್ತೀನಿ. ಒಂದ್ಸಲ ನಡುರಾತ್ರಿ ಕರೆಂಟ್ ಹೋಗಿ ಬ್ಯಾಟರಿ ಪೂರ್ತಿ ಇಳಿದು 60 ಫೋಟೋ ಬ್ಯಾಚ್ ಮೊದಲಿಂದ ಹಾಕಿದ್ದೂ ಇದೆ. ದುಡ್ಡು ಉಳಿಸೋಕೆ ಅಂತ ಕ್ರ್ಯಾಕ್ ವರ್ಷನ್ನಿಗೆ ಮಾತ್ರ ಹೋಗ್ಬೇಡಿ. ನಾನು ಹೋಗಿ, ಅದ್ರ ಜೊತೆ ಬಂದ ವೈರಸ್ಸಿಂದ ಕಬಿನಿಯ ಎರಡು ವರ್ಷದ ರಾ ಫೈಲ್ ಅಷ್ಟೂ ಲಾಕ್ ಆಗೋಯ್ತು, 1.2 ಟಿಬಿ. ಬ್ಯಾಕಪ್ ಡಿಸ್ಕೂ ಚುಚ್ಚೇ ಇತ್ತು.

ಉಡುಪಿಯವಳು:
ಹಕ್ಕಿ ಅಲ್ಲ ನಂದು, ಆದ್ರೂ ಹೇಳ್ತೇನೆ. ಅಜ್ಜಿಯದ್ದು ಇರೋದೇ ಒಂದು ಫೋಟೋ, ಮಾವನ ಮದುವೆ ಗ್ರೂಪಿನಲ್ಲಿ ಎರಡನೇ ಸಾಲು, ಮುಖ ನನ್ನ ಕಿರುಬೆರಳಿನ ಉಗುರಿನಷ್ಟು. ವರ್ಷಾಂತಿಕಕ್ಕೆ ದೊಡ್ಡದು ಮಾಡಿಸುವ ಅಂತ 1200 ಡಿಪಿಐ ಸ್ಕ್ಯಾನ್ ಮಾಡಿಸಿ ಎಐ ಟೂಲಿಗೆ ಹಾಕಿದೆ, ಮುಖ ಸರಿಮಾಡುವ ಆಪ್ಷನ್ ಒತ್ತಿದೆ. ಎಷ್ಟು ಸ್ಪಷ್ಟ ಬಂತು ಅಂದ್ರೆ ನನಗೇ ಆಶ್ಚರ್ಯ. ಪ್ರಿಂಟು, ಫ್ರೇಮು ಸೇರಿ 3,800. ಅಮ್ಮ ಬಿಚ್ಚಿ ನೋಡಿ ತುಂಬಾ ಹೊತ್ತು ಮಾತಾಡಲಿಲ್ಲ, ಆಮೇಲೆ "ಇದ್ಯಾರು?" ಅಂತ ಕೇಳಿದರು. ಅಜ್ಜಿ ಮೂಗುಬೊಟ್ಟನ್ನು ಅದು ಕಲೆ ಅಂತ ಒರೆಸಿ ಹಾಕಿದೆ. ಅಜ್ಜಿಗೆ ಮುಂದಿನ ಹಲ್ಲು ಸ್ವಲ್ಪ ಉಬ್ಬು, ತುಟಿ ಪೂರ್ತಿ ಮುಚ್ಚುತ್ತಿರಲಿಲ್ಲ, ಅದನ್ನೂ ನೇರ ಮಾಡಿ ಯಾರದ್ದೋ ತುಟಿ ಇಟ್ಟಿದೆ. ಆಮೇಲೆ ನಾನೇ ಗಿಂಪಿನಲ್ಲಿ ಬರೀ ಅನ್‌ಶಾರ್ಪ್ ಮಾಸ್ಕ್ (ಅಂಚು ಚುರುಕು ಮಾಡುವ ಸಾದಾ ಫಿಲ್ಟರ್), ರೇಡಿಯಸ್ ಕಡಿಮೆ ಇಟ್ಟು ಮಾಡಿದೆ. ಮಸುಕೇ ಇದೆ. ಅಮ್ಮ ಅದನ್ನೇ ದೇವರ ಕೋಣೆಯ ಹೊರಗೆ ಹಾಕಿದ್ದಾರೆ.

ಹಾಲಕ್ಕಿ_ಹಾಸನ:
ನೀವು ಹಾಕಿರೋ ಸ್ಕ್ಯಾನ್ ನೋಡ್ದೆ ಮೇಡಂ, ಮೂಗುಬೊಟ್ಟು ಎಡಗಡೆ ಇದೆ. ನಮ್ ಕಡೆ ಹಳಬರೆಲ್ಲ ಬಲಕ್ಕೇ ಹಾಕೋದು, ಸ್ಕ್ಯಾನ್ ಉಲ್ಟಾ ಆಗಿರ್ಬೇಕು ಚೆಕ್ ಮಾಡಿ.

ಉಡುಪಿಯವಳು:
ಉಲ್ಟಾ ಆಗಿಲ್ಲ. ಸೆರಗು ಎಡ ಭುಜದ ಮೇಲೇ ಇದೆ ನೋಡಿ, ಪಕ್ಕದಲ್ಲಿರೋ ಗಂಡಸರ ಶರ್ಟ್ ಜೇಬೂ ಎಡಕ್ಕೇ ಇದೆ. ಅಜ್ಜಿ ಎಡಕ್ಕೇ ಹಾಕುತ್ತಿದ್ದದ್ದು. ನಿಮ್ಮ ಕಡೆ ಹಾಗೆ ಅಂತ ಎಲ್ಲರ ಅಜ್ಜಿಯಂದಿರೂ ಹಾಗಲ್ಲ.

ಪಿಕಳಾರ_ಪ್ರೇಮಿ:
ಎಲ್ರಿಗೂ ಥ್ಯಾಂಕ್ಸ್. ಡಿನಾಯ್ಸ್ ಟ್ರೈ ಮಾಡ್ತೀನಿ. ಆದ್ರೆ 1/160ರಲ್ಲಿ ತಲೆ ಅಲ್ಲಾಡಿಸಿರೋವು ಒಂದಿಷ್ಟಿವೆ, ಅದಕ್ಕೇನು ಮಾಡೋದು?

ಮುಹೂರ್ತ_ಸ್ಟುಡಿಯೋ:
ಅದಕ್ಕೇ ಎಐ ಬೇಕು ಅಂತ ನಾನು ಬಡ್ಕೊಳ್ತಿರೋದು. ಮಾಸ್ತರಿಗೆ ನನ್ನ ತಾಳಿ ಫೋಟೋ ರಾ ಕಳಿಸ್ತೀನಿ, ಅವ್ರ ಹಬಲ್ ಲೆಕ್ಕದಲ್ಲಿ ಸರಿ ಮಾಡಿ ತೋರಿಸ್ಲಿ. ತೋರಿಸಿದ್ರೆ ನನ್ನ ಕಾರ್ಡ್ ಮಾರಿಬಿಡ್ತೀನಿ.

ಮಾಳಮಡ್ಡಿ_ಮಾಸ್ತರ:
ಕಳಸ್ರಿ.

ಮಾಳಮಡ್ಡಿ_ಮಾಸ್ತರ (ಮೂರು ದಿನದ ಮ್ಯಾಲೆ):
ಕುಂತು ಮಾಡಿದೆ. ಇದ್ದದ್ದು ಇದ್ದಂಗ ಹೇಳ್ತೇನಿ, ಬರಲಿಲ್ಲ. ಕ್ಯಾಮೆರಾ ಒಂದ ಅಲುಗಾಡಿದ್ರ ಇಡೀ ಚಿತ್ರ ಒಂದ ದಿಕ್ಕಿಗೆ ಎಳೀತದ, ಅದಕ್ಕ ಲೆಕ್ಕ ಹಾಕಬಹುದು. ಇಲ್ಲೆ ಕೈ ಒಂದ್ಕಡೆ, ಮುಖ ಒಂದ್ಕಡೆ, ಅಕ್ಷತೆ ಒಂದೊಂದು ಕಾಳು ಒಂದೊಂದು ದಿಕ್ಕಿಗೆ. ಬಳೀ ಅಂಚಿಗೆ ಸರಿ ಮಾಡಿದ್ರ ಹಣೀ ಮ್ಯಾಲ ಉಂಗುರ ಏಳ್ತಾವ. ಆದ್ರ ನಿಮ್ಮ ಎಐ ಚಿತ್ರಾನೂ ಪಕ್ಕಕ್ಕ ಇಟ್ಟು ನೋಡಿದೆ. ಅಕ್ಷತೆ ಛಲೋ ತಂದದ, ಒಪ್ಪತೇನಿ. ಹುಡುಗಿ ಕಣ್ರೆಪ್ಪಿ ಮಾತ್ರ ನಿಮ್ಮ ರಾ ಫೈಲಿನಾಗ ಇಲ್ರಿ. ಒಂದೊಂದು ಕೂದಲಾ ಎಣಿಸಬಹುದು ಹಂಗ ಬರದದ.

ಮುಹೂರ್ತ_ಸ್ಟುಡಿಯೋ:
ರೆಪ್ಪೆ ಆ ಹುಡುಗಿಗೆ ಇದೆ ಮಾಸ್ತರೇ, ಮದುವೆ ದಿನ ನಾನೇ ಎದುರಿಗೆ ನಿಂತು ನೋಡಿದ್ದೀನಿ.

ಮಾಳಮಡ್ಡಿ_ಮಾಸ್ತರ:
ಹುಡುಗಿಗೆ ಅದ. ಫೈಲಿನಾಗ ಇಲ್ಲ. ನಾ ಮೊದಲಿಂದ ಹೇಳಾಕ್ಹತ್ತಿದ್ದು ಅದನ.

ಮುಹೂರ್ತ_ಸ್ಟುಡಿಯೋ:
ಸರಿ, ಕಾರ್ಡಂತೂ ಮಾರಲ್ಲ. ಬ್ಯಾಟರಿ ಲೈಟ್ ಯಾವುದು ಒಳ್ಳೇದು ಹೇಳಿ, ಮುಂದಿನ ತಿಂಗಳು ಏಳು ಮದುವೆ ಇದೆ.