ಎಂ.ಟೆಕ್ ಸೀಟೋ, ಬೆಂಗಳೂರಿನ ನೌಕರಿಯೋ? ಅನುಭವ ಇದ್ದವರು ಹೇಳಿ

ಶಹಾಪುರದ ಇಸಿ ಹುಡುಗ:
ನಾನು ಯಾದಗಿರಿ ಜಿಲ್ಲೆ ಶಹಾಪುರದವನು. ಕಲಬುರಗಿಯಲ್ಲಿ ಇಸಿ (ಎಲೆಕ್ಟ್ರಾನಿಕ್ಸ್) ಬಿಇ ಮುಗಿಸಿದ್ದೇನೆ. ಈ ವರ್ಷದ ಗೇಟ್ ಪ್ರವೇಶ ಪರೀಕ್ಷೆಯ ಸ್ಕೋರ್ ಮೇಲೆ ಹೈದರಾಬಾದ್ ಐಐಟಿಯಲ್ಲಿ ಎಂ.ಟೆಕ್ ಸೀಟ್ ಸಿಕ್ಕಿದೆ. ಅತ್ತ ಬೆಂಗಳೂರಿನ ಒಂದು ಕಂಪನಿ ವರ್ಷಕ್ಕೆ 9 ಲಕ್ಷ ಕೊಡುತ್ತೇವೆ, ಆಗಸ್ಟ್‌ನಲ್ಲಿ ಬಾ ಅಂದಿದೆ. ಬಿಇ ಸಾಲ ಇನ್ನೂ ತೀರಿಲ್ಲ. ನೆಟೆ ರೋಗ ಬಿದ್ದು ತೊಗರಿ ಅರ್ಧಕ್ಕರ್ಧ ಒಣಗಿತು. ಅಪ್ಪ ನಿನ್ನಿಷ್ಟ ಅಂತಾರೆ, ಅವ್ವ ನೌಕರಿ ಹಿಡಿ ಅಂತಾಳೆ. ಈ ವಾರದಲ್ಲೇ ಉತ್ತರ ಕೊಡಬೇಕು. ನೀವು ಏನು ಮಾಡಿದಿರಿ, ಏನಾಯಿತು ಹೇಳಿ.

ಸೇಡಂನವ:
ತಮ್ಮಾ, ನಾನು ನೌಕರಿಗೆ ಹೋದವನು. ನನ್ನ ಲೆಟರ್‌ನಲ್ಲಿ 7 ಲಕ್ಷ ಅಂತ ಇತ್ತು. ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್, ಕೊಟ್ಟರೆ ಕೊಟ್ಟರು ಇಲ್ಲದಿದ್ದರೆ ಇಲ್ಲ ಅನ್ನುವ ವೇರಿಯಬಲ್ ಪೇ, ಎಲ್ಲ ಅದರೊಳಗೇ ಸೇರಿಸಿದ್ದರು. ಕೈಗೆ ಬಂದದ್ದು ತಿಂಗಳಿಗೆ 46 ಸಾವಿರ. ಪಿಜಿಗೆ 11 ಸಾವಿರ ಹೋಯಿತು. ಆಮೇಲೆ ಮೂವರು ಗೆಳೆಯರು ಸೇರಿ ಮನೆ ಮಾಡಿದೆವು. ಅಡ್ವಾನ್ಸ್ ಒಂದೂವರೆ ಲಕ್ಷ. ಬಿಡುವಾಗ ಓನರ್ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡ, ಗೋಡೆಗೆ ಒಂದು ಮೊಳೆ ಸಹ ಹೊಡೆದಿರಲಿಲ್ಲ ನಾವು. ಹಬ್ಬಕ್ಕೆ ಉದ್ಯಾನ್ ರೈಲಿನಲ್ಲಿ ಯಾವಾಗಲೂ ವೇಟಿಂಗ್. ದೀಪಾವಳಿಗೆ ಪ್ರೈವೇಟ್ ಬಸ್ಸಿಗೆ 2,800 ಕೊಟ್ಟು ಬಂದಿದ್ದೇನೆ.

ಆದರೂ ಹೇಳುತ್ತೇನೆ, ಅಪ್ಪನ ಸೊಸೈಟಿ ಸಾಲ ತೀರಿದ್ದು ಇದೇ ಸಂಬಳದಲ್ಲಿ. ತಂಗಿ ನರ್ಸಿಂಗ್ ಓದಿದ್ದೂ ಇದರಲ್ಲೇ. ಎಂ.ಟೆಕ್‌ನಲ್ಲಿ ತಿಂಗಳಿಗೆ 12,400 ಸ್ಟೈಪೆಂಡ್. ಅದರಲ್ಲಿ ಮನೆಗೆ ಏನು ಕಳಿಸುತ್ತೀಯ?

ಭಾಲ್ಕಿ ಅಕ್ಕ:
ಸೇಡಂ ತಮ್ಮ, 12,400 ಅಂದರೆ ಅಷ್ಟು ಹಗುರ ಮಾಡಬೇಡ. ನಾನು ಅದರಲ್ಲೇ ಹಾಸ್ಟೆಲ್, ಮೆಸ್ ಕಟ್ಟಿ ಎರಡು ವರ್ಷ ಮನೆಯಿಂದ ಒಂದು ರೂಪಾಯಿ ಕೇಳಲಿಲ್ಲ. ವಾರಕ್ಕೆ 8 ಗಂಟೆ ಲ್ಯಾಬ್ ಕೆಲಸ ಮಾಡಿಸಿಕೊಂಡೇ ಕೊಡುತ್ತಾರೆ, ದಾನವಲ್ಲ. ಸಮಯಕ್ಕೆ ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಮೂರು ತಿಂಗಳದ್ದು ಒಟ್ಟಿಗೆ ಬಂತು, ಅಲ್ಲಿಯವರೆಗೆ ಮೆಸ್‌ನವನ ಮುಖ ನೋಡೋಕಾಗದೆ ರೂಮಲ್ಲೇ ಚುರುಮುರಿ ತಿಂದಿದ್ದೇನೆ.

ಆಮೇಲೆ ಪಿಎಚ್‌ಡಿ. ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ 31 ಸಾವಿರ ಇತ್ತು, 2023ರ ಜನವರಿಯಿಂದ 37 ಸಾವಿರ ಮಾಡಿದರು. ನೆಟ್ ಪರೀಕ್ಷೆ ಪಾಸಾಗದ ಗೆಳತಿಯರು 8 ಸಾವಿರದಲ್ಲಿ ಅದೇ ಕೆಲಸ ಮಾಡುತ್ತಿದ್ದರು. ಈಗ ಡಾಕ್ಟರೇಟ್ ಇಟ್ಟುಕೊಂಡು ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ರಜೆ ತಿಂಗಳಲ್ಲಿ ಸಂಬಳ ಇಲ್ಲ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕು, ಹೊಸದಾಗಿ ಕೌನ್ಸೆಲಿಂಗ್‌ಗೆ ನಿಲ್ಲು. ಹಾಗಂತ ಓದಿದ್ದು ಬೇಡವಾಗಿತ್ತು ಅಂತ ನಾನು ಯಾವತ್ತೂ ಅನ್ನಲ್ಲ. ನಮ್ಮೂರಲ್ಲಿ ಪಿಎಚ್‌ಡಿ ಮಾಡಿದ ಮೊದಲ ಹೆಣ್ಣುಮಗಳು ನಾನು. ತಪ್ಪು ಇರುವುದು ಖಾಲಿ ಹುದ್ದೆ ತುಂಬದವರದ್ದು.

ಆಳಂದ ಎಇ:
ಈ ಎರಡೂ ಬೇಡ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಇರುವುದು ಯಾರಿಗೆ? ಸಹಾಯಕ ಆಯುಕ್ತರ ಕಚೇರಿಯಿಂದ ಸರ್ಟಿಫಿಕೇಟ್ ಮಾಡಿಸು. ನಮ್ಮ ಭಾಗದ ಹುದ್ದೆಗಳಲ್ಲಿ ಗ್ರೂಪ್ ಬಿ 75%, ಗ್ರೂಪ್ ಸಿ 80% ನಮಗೇ. ನಾನು ಬಿಇ ಮೇಲೆಯೇ ಎಇ (ಸಹಾಯಕ ಎಂಜಿನಿಯರ್) ಆದೆ. ಕಲಬುರಗಿಯಲ್ಲಿ ರೂಮ್ ಮಾಡಿ ಓದಿದೆ, ಸರ್ಟಿಫಿಕೇಟ್‌ನಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ಅಫಿಡವಿಟ್, ಮತ್ತೆ ತಹಶೀಲ್ದಾರ್ ಕಚೇರಿ, ಮತ್ತೆ ಆಳಂದಕ್ಕೆ ಬಸ್ಸು. ನೋಟಿಫಿಕೇಶನ್‌ನಿಂದ ಆರ್ಡರ್ ಕೈಗೆ ಬರುವವರೆಗೆ ಮೂರು ವರ್ಷ ಹಿಡಿಯಿತು. ಆದರೆ ಇವತ್ತು ಸಂಜೆ ಆರಕ್ಕೆ ಮನೆಯಲ್ಲಿರುತ್ತೇನೆ.

ಸೇಡಂನವ:
ಸರ್, ನೀವು ಸಿವಿಲ್. ಹುಡುಗ ಇಸಿ. ಇಸಿಯವರಿಗೆ ಎಷ್ಟು ಎಇ ಹುದ್ದೆ ಕರೆಯುತ್ತಾರೆ? ಮೂರು ವರ್ಷ ಆರ್ಡರ್ ಕಾಯುವಾಗ ನಿಮ್ಮ ಮನೆ ನಡೆಸಿದವರು ಯಾರು, ಅದನ್ನೂ ಹೇಳಿ.

ಆಳಂದ ಎಇ:
ನನ್ನ ಅಣ್ಣ ನಡೆಸಿದ. ಅದನ್ನು ಮುಚ್ಚಿಡೋಕೆ ಏನಿದೆ? ಮನೆ ವಿಷಯಕ್ಕೆ ಬರಬೇಡಿ.

ಬಸವಕಲ್ಯಾಣ ಟು ಜರ್ಮನಿ:
ನಾನು ಎಂಎಸ್‌ಗೆ ಜರ್ಮನಿಗೆ ಬಂದೆ. ಫೀಸ್ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯಲು ಬಿಡುವ ಖಾತೆ) 11,904 ಯೂರೋ ಮೊದಲೇ ಇಡಬೇಕು, ನಾನು ಕಟ್ಟುವಾಗ ಸುಮಾರು 11 ಲಕ್ಷ ಆಯಿತು. ಸಾಲ ಏಳೂವರೆ ಲಕ್ಷ ದಾಟಿತು ಅಂತ ಬ್ಯಾಂಕ್‌ನವರು ಅಡಮಾನ ಕೇಳಿದರು. ಎಂಟು ಎಕರೆ ಹೊಲ ಇದೆ ಅಂದರೆ ಕೃಷಿ ಜಮೀನು ನಡೆಯಲ್ಲ ಅಂದರು. ಕೊನೆಗೆ ಬೀದರ್‌ನಲ್ಲಿದ್ದ ಕಾಕಾನ ಎನ್‌ಎ (ಕೃಷಿಯೇತರ) ಪ್ಲಾಟ್ ಇಟ್ಟೆವು. ವಕೀಲರ ಲೀಗಲ್ ಒಪಿನಿಯನ್, ವ್ಯಾಲ್ಯುಯೇಶನ್, ಸ್ಟ್ಯಾಂಪ್, ಎಲ್ಲದಕ್ಕೂ ಬೇರೆ ಬೇರೆ ದುಡ್ಡು. ಈಗ ಕಾಕಾ ಮಗಳ ಮದುವೆಗೆ ಪ್ಲಾಟ್ ಮಾರಬೇಕು, ಕಾಗದ ಬಿಡಿಸಿ ಕೊಡು ಅಂತಾರೆ. ಅಪ್ಪ, ಕಾಕಾ ಮಾತು ಬಿಟ್ಟಿದ್ದಾರೆ. ಸಾಲದ ಲೆಕ್ಕ ಹಾಕುವಾಗ ಇದನ್ನು ಯಾರೂ ಹೇಳಿಕೊಡಲ್ಲ. ಒಂದು ಸಮಾಧಾನ ಅಂದರೆ ನೌಕರಿ ಸಿಕ್ಕ ಮೇಲೆ 80ಇ ಅಡಿ ಬಡ್ಡಿಗೆ ಟ್ಯಾಕ್ಸ್ ವಿನಾಯಿತಿ ಇದೆ, ಶಹಾಪುರ ತಮ್ಮ ಬಿಇ ಸಾಲಕ್ಕೂ ತಗೋಬಹುದು.

ಸೇಡಂನವ:
80ಇ ಟ್ಯಾಕ್ಸ್‌ನ ಹಳೆ ರೆಜೀಮ್‌ನಲ್ಲಿ (ಹಳೆ ಪದ್ಧತಿಯಲ್ಲಿ) ಮಾತ್ರ. ಹೊಸದರಲ್ಲಿ ಇಲ್ಲ. ಅಷ್ಟಕ್ಕೂ 2025-26ರಿಂದ ಹೊಸ ರೆಜೀಮ್‌ನಲ್ಲಿ 12 ಲಕ್ಷದವರೆಗೆ ಸಂಬಳಕ್ಕೆ ಟ್ಯಾಕ್ಸೇ ಬೀಳಲ್ಲ. 9 ಲಕ್ಷದವನಿಗೆ 80ಇ ಯಾಕೆ? ಗೊತ್ತಿಲ್ಲದೆ ಹೇಳಬೇಡಿ.

ಬಸವಕಲ್ಯಾಣ ಟು ಜರ್ಮನಿ:
ಗೊತ್ತಿಲ್ಲದೆ ಹೇಳಿಲ್ಲ. ಎಂಟು ವರ್ಷ ಸಿಗುತ್ತದೆ, ಅಷ್ಟರಲ್ಲಿ ಸಂಬಳ ಏರಲ್ವಾ?

ಭಾಲ್ಕಿ ಅಕ್ಕ:
ಟ್ಯಾಕ್ಸ್ ಜಗಳ ಸಾಕು ಮಾಡಿ. ಶಹಾಪುರ ತಮ್ಮ, ಸಾಲದ ವಿಷಯ ಕೇಳು. ಎಂ.ಟೆಕ್‌ಗೆ ಹೋದರೆ ಕಂತು ಮುಂದೂಡೋಕೆ ಬ್ಯಾಂಕಿಗೆ ಅರ್ಜಿ ಕೊಡಬಹುದು, ಆದರೆ ಬಡ್ಡಿ ನಿಲ್ಲಲ್ಲ. ನನಗೆ ಕೊನೆಗೆ ಅಸಲಿನ ಕಾಲುಭಾಗದಷ್ಟು ಬಡ್ಡಿ ನಿಂತಿತ್ತು. ತಿಂಗಳಿಗೆ ಐನೂರೋ ಸಾವಿರವೋ ಬಡ್ಡಿ ಕಟ್ಟುತ್ತಾ ಹೋಗು. ಇನ್ನೊಂದು, ನಿನ್ನ ಆಫರ್‌ನಲ್ಲಿ ಬಾಂಡ್ ಇದೆಯಾ?

ಶಹಾಪುರದ ಇಸಿ ಹುಡುಗ:
ಇದೆ ಅಕ್ಕಾ. ಎರಡು ವರ್ಷ. ಮಧ್ಯೆ ಬಿಟ್ಟರೆ 2 ಲಕ್ಷ. ಗೇಟ್ ಸ್ಕೋರ್ 3 ವರ್ಷ ಇರುತ್ತದಲ್ಲ, ಬಾಂಡ್ ಮುಗಿಸಿ ಹೋಗೋಣ ಅಂತಲೂ ಯೋಚನೆ ಇದೆ.

ಸೇಡಂನವ:
ನಾನೂ ಹಾಗೇ ಅಂದುಕೊಂಡಿದ್ದೆ. ಪ್ರಾಜೆಕ್ಟ್ ಅಂತ ಮ್ಯಾನೇಜರ್ ಬಿಡಲಿಲ್ಲ. ನನ್ನ ಸ್ಕೋರ್ ಈಗ ಬರೀ ಕಾಗದ.

ಭಾಲ್ಕಿ ಅಕ್ಕ:
ತಿಂಗಳು ಲೆಕ್ಕ ಹಾಕು ತಮ್ಮ. ಸ್ಕೋರ್ ಮಾರ್ಚ್‌ದು. ಈ ವರ್ಷ, ಮುಂದಿನ ವರ್ಷ, ಅದರ ಮುಂದಿನ ವರ್ಷದ ಅಡ್ಮಿಶನ್‌ಗೆ ನಡೆಯುತ್ತದೆ. ಆಗಸ್ಟ್‌ನಲ್ಲಿ ಸೇರಿದರೆ ಬಾಂಡ್ ಮುಗಿಯುವುದೂ ಆಗಸ್ಟ್‌ಗೇ. ಕ್ಲಾಸ್ ಜುಲೈ ಕೊನೆಗೆ ಶುರುವಾಗಿರುತ್ತವೆ. ಕೆಲವೇ ವಾರಕ್ಕೆ ಸೀಟ್ ಹೋಗುತ್ತದೆ, ಇಲ್ಲಾಂದ್ರೆ 2 ಲಕ್ಷ ಹೋಗುತ್ತದೆ. ಜೂನ್‌ನಲ್ಲೇ ಸೇರಿಸಿಕೊಳ್ಳುತ್ತಾರಾ, ಉಳಿದ ವಾರಗಳಿಗೆ ಮಾತ್ರ ದುಡ್ಡು ಹಿಡಿಯುತ್ತಾರಾ, ಎರಡನ್ನೂ ಎಚ್‌ಆರ್‌ಗೆ ಕೇಳು. ಬಾಯಿಮಾತು ಬೇಡ, ಮೇಲ್‌ನಲ್ಲಿ ಬರೆಸಿಕೋ.

ಶಹಾಪುರದ ಇಸಿ ಹುಡುಗ:
ಇದು ಹೊಳೆದೇ ಇರಲಿಲ್ಲ ಅಕ್ಕಾ. ಈಗಲೇ ಮೇಲ್ ಹಾಕುತ್ತೇನೆ.

ಆಳಂದ ಎಇ:
ಸೇಡಂನವರೇ, ಇಸಿಯವರಿಗೆ ಎಇ ಹುದ್ದೆ ಕಡಿಮೆ ಇರಬಹುದು, ಕೆಲವು ಗ್ರೂಪ್ ಸಿ ಹುದ್ದೆಗೆ ಯಾವ ಡಿಗ್ರಿಯವರೂ ಬರೆಯಬಹುದಲ್ಲ, ಅದಕ್ಕೆ ಏನು ಹೇಳುತ್ತೀರಿ?